ಹುಣ್ಣಿಮೆಗೊಂದು ಗೀರು

ಗಾಡಿ ನನ್ನ ಗ್ಯಾರೇಜಿಗೆ ಬಂದದ್ದು ಕಬ್ಬು ಹೇರುವ ಟ್ರೇಲರ್ ಮೇಲೆ, ತಾಡಪತ್ರಿ ಹೊದ್ದುಕೊಂಡು. ತುಕ್ಕಾನಟ್ಟಿಯಿಂದ ಗೋಕಾಕಕ್ಕೆ ಬರುವಷ್ಟರಲ್ಲಿ ಟ್ರ್ಯಾಕ್ಟರ್ ಚಾಲಕ ಮೂರು ಕಡೆ ಚಹಾಕ್ಕೆ ನಿಲ್ಲಿಸಿ, ಮೂರು ಕಡೆಯೂ ತಾಡಪತ್ರಿ ಎತ್ತಿ ಜನರಿಗೆ ತೋರಿಸಿದ್ದನಂತೆ. ನಾನೂ ಎತ್ತಿ ನೋಡಿದೆ. ಎರಡೇ ಆಸನ, ಉದ್ದನೆಯ ಮೂತಿ, ತಂತಿ ಕಡ್ಡಿಗಳ ಗಾಲಿ, ಮಾಸಿದ ಹಸಿರು ಬಣ್ಣ. ಎಪ್ಪತ್ತು ವರ್ಷ ದಾಟಿದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಮೂವತ್ತು ವರ್ಷದಿಂದ ಜೀಪು, ಟ್ರಕ್ಕು, ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿದ ನಾನು ಅದರ ಮುಂದೆ ಸುಮ್ಮನೆ ನಿಂತುಬಿಟ್ಟೆ.

ಹಿಂದೆಯೇ ಬಸ್ಸಿನಲ್ಲಿ ಒಡತಿ ಬಂದರು. ಮೂಡಲಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಟೀಚರ್, ನಿವೃತ್ತಿಗೆ ಎರಡು ವರ್ಷ ಬಾಕಿ. ಅವರ ಅಜ್ಜ, ಧುಪದಾಳದ ಕಟ್ಟೆ ಮತ್ತು ಕಾಲುವೆಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಇಂಗ್ಲಿಷ್ ಎಂಜಿನಿಯರರ ಗಾಡಿ ಓಡಿಸುತ್ತಿದ್ದವರು. ಎಂಜಿನಿಯರರು ದೇಶ ಬಿಟ್ಟು ಹೋಗುವಾಗ ಈ ಗಾಡಿಯನ್ನು ಅಜ್ಜನ ಹೆಸರಿಗೇ ಮಾಡಿಕೊಟ್ಟು ಹೋದರು. ಊರ ಹೊರಗಿನ ಕೇರಿಯ, ಮುಂದೆ ಬೌದ್ಧ ಧರ್ಮ ತೆಗೆದುಕೊಂಡ ಮನೆತನ. ಅವರ ಅಂಗಳದಲ್ಲಿ ಇಂಥ ಕಾರು ನಿಂತದ್ದನ್ನು ಆಗಿನ ಕಾಲದ ಊರು ಹೇಗೆ ಸಹಿಸಿತೋ ಟೀಚರ್ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಜ್ಜ ಇಪ್ಪತ್ತೈದು ವರ್ಷ ಓಡಿಸಿದರು. ಆಮೇಲೆ ಹಿಂದಿನ ಎಕ್ಸಲ್ ಮುರಿಯಿತು, ಬಿಡಿಭಾಗ ಸಿಗಲಿಲ್ಲ. ಗಾಡಿ ತಗಡಿನ ಶೆಡ್ಡು ಸೇರಿ ನಲವತ್ತು ವರ್ಷದ ಮೇಲಾಗಿತ್ತು.

"ಲಿಲಾವಕ್ಕ ಇಡಬೇಕಂತ ಮಾಡೇನ್ರಿ ಮಿಸ್ತ್ರಿಯಾರ," ಎಂದರು ಟೀಚರ್. "ಮುಂಬೈದವರು ಪುಸ್ತಕ ಅಚ್ಚ ಹಾಕಸ್ತಾರಂತ, ಯಾವ ಗಾಡಿ ಯಾರದು ಅಂತ. ಅದರಾಗ ನಮ್ಮ ಅಜ್ಜನ ಹೆಸರ ಬರಬೇಕು. ಬರಲಿಲ್ಲಾಂದ್ರ ಗಾಡಿ ವಾಪಸ್ ಶೆಡ್ಡಿಗೆ."

ಹೆಸರು ಬರುವುದರಲ್ಲಿ ಏನು ಕಷ್ಟ ಎಂದುಕೊಂಡೆ. ಹಳೇ ಕಾರಿನ ಹರಾಜು ಎಂದರೆ ಏನೆಂದು ಆಗ ನನಗೆ ಗೊತ್ತಿರಲಿಲ್ಲ.

ಮೊದಲ ದಿನವೇ ಎಂಜಿನ್ ನೋಡಿದೆ. ನಲವತ್ತು ವರ್ಷ ನಿಂತ ಎಂಜಿನ್ ಎಂದರೆ ಜಾಮ್ ಆಗಿರಲೇಬೇಕು. ಪಿಸ್ಟನ್ ಉಂಗುರಗಳು ಸಿಲಿಂಡರಿಗೆ ತುಕ್ಕಿನಿಂದ ಅಂಟಿಕೊಂಡು ಒಂದೇ ಕಬ್ಬಿಣದ ಗಡ್ಡೆ ಆಗಿರುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ ಎಣ್ಣೆ ಬಿಟ್ಟು ವಾರ ಕಾಯುವುದು, ಆಗದಿದ್ದರೆ ಕಾಯಿಸುವುದು, ಅದೂ ಆಗದಿದ್ದರೆ ಮರದ ದಿಮ್ಮಿ ಇಟ್ಟು ಬಡಿಯುವುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಸುಮ್ಮನೆ ನೋಡೋಣವೆಂದು ಮುಂದಿನ ತೂತಿಗೆ ಹ್ಯಾಂಡಲ್ ತೂರಿಸಿ ಒತ್ತಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಿರುಗಿತು. ನಾನು ಬೆಚ್ಚಿ ಹ್ಯಾಂಡಲ್ ಬಿಟ್ಟೆ. ಪ್ಲಗ್ ತೂತಿನೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದರೆ ಸಿಲಿಂಡರಿನ ಗೋಡೆ ಹೊಳೆಯುತ್ತಿತ್ತು, ಎಣ್ಣೆಯ ತೆಳು ಪಸೆಯೂ ಇತ್ತು. ಟೀಚರನ್ನು ಕೇಳಿದೆ. "ನಾವು ನೋಡ್ಕೊಂಡ ಇದ್ದಿವ್ರಿ," ಎಂದಷ್ಟೇ ಹೇಳಿ ಕಣ್ಣು ಬೇರೆ ಕಡೆ ತಿರುಗಿಸಿದರು.

ಹದಿನೈದು ದಿನಕ್ಕೆ ಹರಾಜು ಸಂಸ್ಥೆಯ ಪರೀಕ್ಷಕರು ಬಂದರು. ಮೂಲ ಬೆಳಗಾವಿಯ ಕಡೆಯವರು, ಮುಂಬೈಯಲ್ಲಿ ಇದೇ ಕೆಲಸ. ಅವರಿಗೆ ತೋರಿಸಬೇಕೆಂದು ಒಂದು ಮಡ್ಗಾರ್ಡಿನ ತುದಿಯನ್ನು ತಿಕ್ಕಿ ಮಿರಿಮಿರಿ ಮಾಡಿಟ್ಟಿದ್ದೆ. ನನ್ನ ಗ್ಯಾರೇಜಿಗೆ ಹೆಸರು ಬಂದಿರುವುದೇ ಹೊಳಪಿಗೆ. ಗೋಕಾಕದ ಅರಗಿನ ಗೊಂಬೆಗಳ ಪಕ್ಕದಲ್ಲಿ ನಾನು ಪಾಲಿಶ್ ಮಾಡಿದ ಗಾಡಿ ನಿಲ್ಲಿಸಿದರೆ ಗೊಂಬೆ ಮಂಕಾಗುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುವವನು. ಆ ಮನುಷ್ಯ ಆ ಹೊಳಪಿನ ಕಡೆ ನೋಡಿ ಹಲ್ಲುನೋವು ಬಂದವರಂತೆ ಮುಖ ಮಾಡಿದರು.

"ಇದಷ್ಟಕ್ಕ ಬಿಡ್ರಿ. ಇನ್ನ ಬಣ್ಣ ಮುಟ್ಟಬ್ಯಾಡ್ರಿ."

ಆಮೇಲೆ ಅಂಗಿ ತೋಳು ಮಡಚಿ ಗಾಡಿಯ ಕೆಳಗೆ ಮಲಗಿದರು. ಮುಂದಿನ ಚೌಕಟ್ಟಿನ ಕಬ್ಬಿಣದ ಮೇಲೆ ಒತ್ತಿದ್ದ ನಂಬರು, ಎಂಜಿನ್ನಿಗೆ ರಿವೆಟ್ ಹೊಡೆದಿದ್ದ ತಗಡಿನ ನಂಬರು, ಬಾನೆಟ್ಟಿನ ಒಳಗಿನ ಹಿತ್ತಾಳೆ ಪಟ್ಟಿಯ ನಂಬರು. ಮೂರನ್ನೂ ಬರೆದುಕೊಂಡರು, ಫೋಟೋ ತೆಗೆದರು, ರಿವೆಟ್ಟುಗಳ ತಲೆಯನ್ನು ಭೂತಗನ್ನಡಿಯಲ್ಲಿ ನೋಡಿದರು. ಮೂಡಲಗಿಯ ದನದ ಪೇಟೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವ ದಲಾಲರೂ ಅಷ್ಟು ಹೊತ್ತು ನೋಡುವುದಿಲ್ಲ.

"ಹುಟ್ಟಿದಾಗಿನ ಎಂಜಿನ್ನ ಐತ್ರಿ ಇದು," ಎಂದರು, ಮೇಲೆದ್ದು ಕೈ ಒರೆಸಿಕೊಳ್ಳುತ್ತ. "ನೋಡ್ರಿ, ಚಂದ ಕಾಣೂದಕ್ಕ ಯಾರೂ ರೊಕ್ಕ ಕೊಡೂದಿಲ್ಲ. ಚಂದ ಮಾಡಾಕ ಯಾರಿಗಾದ್ರೂ ಬರ್ತೈತಿ. ಹುಟ್ಟಿದಾಗಿಂದ ಜೋಡಿ ಇದ್ದ ಎಂಜಿನ್ನು ಚಾಸಿ, ಕಂಪನಿ ಹಚ್ಚಿದ ಬಣ್ಣ, ಇವನ್ನ ಯಾರಿಗೂ ಹೊಸದಾಗಿ ಮಾಡಾಕ ಬರೂದಿಲ್ಲ. ಬೆಲಿ ಇರೂದು ಅದಕ್ಕ. ಇನ್ನೊಂದು ಐತಿ, ಕಥಿ. ಗಾಡಿ ಯಾರ ಕೈಯಾಗ ಇತ್ತು, ಹೆಂಗ ಇತ್ತು ಅನ್ನೂದು."

ಟೀಚರ್ ಅಜ್ಜನ ಹೆಸರಿದ್ದ ನೋಂದಣಿ ಪುಸ್ತಕ ಕೊಟ್ಟರು. ಎಂಜಿನಿಯರರು ಬರೆದುಕೊಟ್ಟಿದ್ದ ಪತ್ರ ಗೆದ್ದಲು ತಿಂದು ಹೋಗಿತ್ತು. ಪರೀಕ್ಷಕರು ಪುಸ್ತಕವನ್ನು ಎರಡು ಸಲ ತಿರುವಿ ನೋಡಿದರು.

"ಮೂವತ್ತು ಲಕ್ಷದ ಆಜೂಬಾಜೂ ಆಗಬಹುದ್ರಿ. ಆದ್ರ ಈ ಕಡೆ ಯಾವುದರೆ ಸಂಸ್ಥಾನದ ಗಾಡಿಖಾನಿಯೊಳಗ ಇತ್ತು ಅಂತ ಒಂದ ಸಾಲ ಹಾಕಿದ್ವೆಂದ್ರ ದೀಡಪಟ್, ನಲವತ್ತೈದಕ್ಕ ಹೊಕ್ಕೈತಿ. ರಾಜಾನ ಹೆಸರ ಕೇಳಿದ್ರ ಕೊಳ್ಳವ್ರ ಕೈ ತಾವ ಮ್ಯಾಲೇಳ್ತಾವ. ಡ್ರೈವರನ ಕಡೆ ಇತ್ತು ಅಂದ್ರ ಜನ ನಂಬೂದ ಕಷ್ಟ. ಕದ್ದದ್ದೋ ಏನೋ ಅಂತಾರ."

ಟೀಚರ ಮುಖ ಕೆಂಪಾಯಿತು, ದನಿ ಮಾತ್ರ ಏರಲಿಲ್ಲ. "ರಾಜಾ ಈ ಗಾಡೀನ ನೋಡೇ ಇಲ್ರಿ. ನೋಡಿದ್ದು ನಮ್ಮ ಅಜ್ಜ."

"ಹಂಗಿದ್ರ ಪುರಾವೆ ಬೇಕ್ರಿ. ನೀವ ಇಟ್ಕೊಂಡಿದ್ರಿ, ನೀವ ಜ್ವಾಕಿ ಮಾಡೀರಿ ಅನ್ನೂದಕ್ಕ. ಬರೇ ಪುಸ್ತಕದ ಮ್ಯಾಲ ನಾ ಒಂದ ಸಾಲ ಹಾಕಬಲ್ಲೆ, ಅಷ್ಟ. ಇತಿಹಾಸ ಗೊತ್ತಿಲ್ಲ ಅಂತ ಬರೀಬೇಕಾಕ್ಕೈತಿ."

ಅವರು ಹೋದ ಮೇಲೆ ಟೀಚರ್ ಹಳೇ ಪೆಟ್ಟಿಗೆಗಳನ್ನೆಲ್ಲ ಹುಡುಕುತ್ತೇನೆಂದು ತುಕ್ಕಾನಟ್ಟಿಯ ಹಳೇ ಮನೆಗೆ ಹೋದರು. ನಾನು ಕೆಲಸ ಹಿಡಿದೆ. ಬ್ರೇಕಿನ ಸಿಲಿಂಡರುಗಳಿಗೆ ಒಳಗೆ ಹೊಸ ಕೊಳವೆ ಕೂರಿಸಿದೆ. ಪೆಟ್ರೋಲ್ ಟಾಕಿಯ ಹೊಟ್ಟೆಗೆ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿ ಅಲ್ಲಾಡಿಸಿ ತುಕ್ಕು ಇಳಿಸಿದೆ. ಮುರಿದ ಎಕ್ಸಲನ್ನು ಅಳತೆ ತೆಗೆದು ಲೇತಿನಲ್ಲಿ ಹೊಸದಾಗಿ ಕಡೆಸಿದೆ, ಹಳೆಯ ತುಂಡನ್ನು ಚೀಟಿ ಅಂಟಿಸಿ ಎತ್ತಿಟ್ಟೆ. ಎರಡು ಕಾರ್ಬುರೇಟರನ್ನೂ ಬಿಚ್ಚಿ, ಎರಡೂ ಒಂದೇ ಉಸಿರು ಎಳೆಯುವ ಹಾಗೆ ಹೊಂದಿಸಲು ಮೂರು ದಿನ ಹಿಡಿಯಿತು.

ಈ ಗಾಡಿಯ ಮೈ ಹೊರಗೆ ತಗಡು, ಒಳಗೆ ಕಟ್ಟಿಗೆ. ಅದಕ್ಕೆ ಹುಕ್ಕೇರಿಯಿಂದ ಬಡಗಿ ಕಾಕಾನನ್ನು ಕರೆಸಿದೆ. ಮೊದಲು ಬಸ್ಸಿನ ಬಾಡಿ ಕಟ್ಟುತ್ತಿದ್ದ ಹಿರಿಯ. ಬಾಗಿಲಿನ ಕೆಳಗೆ ಕೊಳೆತ ಒಂದೊಂದು ಗೇಣನ್ನು ಮಾತ್ರ ಕತ್ತರಿಸಿ ಹೊಸ ಕಟ್ಟಿಗೆಯನ್ನು ಓರೆಯಾಗಿ ಬೆಸೆದ. ಬೆಸುಗೆ ಬೆರಳಿಗೆ ಸಿಗಲಿಲ್ಲ, ಕಣ್ಣಿಗಷ್ಟೇ ಕಂಡಿತು. "ಇದನ್ನ ಕಟ್ಟಿದವಾ ಯಾವನೋ ಗೊತ್ತಿಲ್ಲ, ಆದ್ರ ಕೈ ಮುಗೀಬೇಕ ನೋಡಪಾ," ಎನ್ನುತ್ತಿದ್ದ.

ಎಲ್ಲ ಸರಿಯಾಗಿ ನಡೆದಿತ್ತು. ಆದರೆ ಬಣ್ಣ ಮುಟ್ಟಬೇಡ ಎಂದದ್ದು ನನ್ನ ಕೈಯನ್ನು ಕಡಿಯುತ್ತಿತ್ತು. ಮಂಕು ಗಾಡಿ ನನ್ನ ಗ್ಯಾರೇಜಿನಿಂದ ಹೊರಗೆ ಹೋಗುವುದೆಂದರೇನು! ದಸರೆಯ ಖಂಡೇಪೂಜೆ ಹತ್ತಿರ ಬಂದಿತ್ತು. ಪೂಜೆಗೆ ನಮ್ಮಲ್ಲಿ ಸ್ಪ್ಯಾನರಿನಿಂದ ಹಿಡಿದು ಜಾಕಿನವರೆಗೆ ಎಲ್ಲವೂ ತಿಕ್ಕಿ ತೊಳೆದು ಬೆಳಗಬೇಕು, ಅದು ನನ್ನ ಅಪ್ಪನ ಕಾಲದ ಪದ್ಧತಿ. ಹೊರಗೆ ಮುಟ್ಟಬಾರದಾದರೆ ಒಳಗಾದರೂ ಚಂದ ಮಾಡೋಣ ಎಂದು ಸೀಟಿನ ಬೆನ್ನು ಬಾಗಿಸಿದೆ. ಅದರ ಹಿಂದೆ ಒಂದು ಅಗಲ ಹಲಗೆ, ತುಂಬ ಗೀರು. ಯಾರೋ ಚೀಲ, ಗುದ್ದಲಿ ಎಳೆದಾಡಿದ ಗೀರುಗಳು ಎಂದುಕೊಂಡೆ. "ಕಾಕಾ, ಇದನ್ನ ಪಾಲಿಶ್ ಪೇಪರ್ ಹಾಕಿ ಕನ್ನಡಿ ಮಾಡಿಬಿಡು," ಎಂದು ಹೇಳಿ ನಾನು ರೇಡಿಯೇಟರ್ ತರಲು ಹೋದೆ.

ವಾಪಸ್ ಬಂದಾಗ ಟೀಚರ್ ಗಾಡಿಯ ಪಕ್ಕ ನಿಂತಿದ್ದರು. ಪೆಟ್ಟಿಗೆಗಳಲ್ಲಿ ಏನೂ ಸಿಗಲಿಲ್ಲವೆಂದು ಹೇಳಲು ಬಂದವರು. ಕಾಕಾ ಕೈಯಲ್ಲಿ ಪೇಪರ್ ಹಿಡಿದು ಕಲ್ಲಾಗಿದ್ದ. ಟೀಚರ ಅಂಗೈ ಹಲಗೆಯ ಮೇಲಿತ್ತು, ಎಡಗಡೆಯ ಕಾಲುಭಾಗ ನುಣ್ಣಗೆ ಬೆಳ್ಳಗಾಗಿದ್ದ ಕಡೆ.

"ಅಜ್ಜನ ಗೀರ ಇವು," ಎಂದರು. "ಅಳಿಸಿಬಿಟ್ರಿ."

ಆಮೇಲೆ, ಅಲ್ಲೇ ಮರದ ಸ್ಟೂಲಿನ ಮೇಲೆ ಕೂತು ಹೇಳಿದರು. ಗಾಡಿ ನಿಂತ ದಿನ ಅಜ್ಜ ಒಂದು ನೇಮ ಹಾಕಿಕೊಂಡರಂತೆ. ಮರೆಯಬಾರದೆಂದು ಹುಣ್ಣಿಮೆಗೆ ಕಟ್ಟಿದರು. ಹುಣ್ಣಿಮೆಯ ದಿನ ಮನೆಯವರೆಲ್ಲ ಬಿಳಿ ಬಟ್ಟೆ ಉಟ್ಟು ಬುದ್ಧವಂದನೆ ಮಾಡಿದ ಮೇಲೆ ಅಜ್ಜ ಶೆಡ್ಡಿಗೆ ಹೋಗಿ, ನಾಲ್ಕು ಪ್ಲಗ್ ಬಿಚ್ಚಿ, ನಾಲ್ಕು ತೂತಿಗೂ ಒಂದೊಂದು ಚಮಚ ಎಣ್ಣೆ ಬಿಟ್ಟು, ಹ್ಯಾಂಡಲ್ಲಿನಿಂದ ಎಂಜಿನ್ನನ್ನು ನಾಲ್ಕು ಸುತ್ತು ತಿರುಗಿಸಿ, ಪ್ಲಗ್ ಹಾಕಿ, ಹಲಗೆಯ ಮೇಲೆ ಮೊಳೆಯಿಂದ ಒಂದು ಗೀರು ಎಳೆಯುತ್ತಿದ್ದರು. ಬುದ್ಧ ಪೂರ್ಣಿಮೆಗೆ ಹೊಸ ಸಾಲು. ಅಜ್ಜನ ನಂತರ ಅಪ್ಪ. ಅಪ್ಪನ ನಂತರ ಟೀಚರ್, ಮೂಡಲಗಿಯಿಂದ ಪ್ರತಿ ಹುಣ್ಣಿಮೆಗೆ ಬಸ್ಸಿನಲ್ಲಿ ಬಂದು.

"ಮೊದಲ ಯಾಕ ಹೇಳಲಿಲ್ರಿ?" ಎಂದೆ.

"ಊರಾಗ ನಗ್ತಿದ್ರು. ಸತ್ತ ಗಾಡಿಗಿ ಎಣ್ಣಿ ಕುಡಸ್ತಾರ ಇವ್ರು ಅಂತ. ನೀವೂ ನಗ್ತೀರೆಂತ ಅಂಜಿದೆ. ಈಗ ನನ್ನ ಭುಜ ಏಳೂದಿಲ್ರಿ, ತಿರಗಸಾಕ ಆಗೂದಿಲ್ಲ. ಅದಕ್ಕ ಮಾರಾಕ ಬಂದದ್ದು."

ನಾನು ಹಲಗೆಯ ಉಳಿದ ಭಾಗ ನೋಡಿದೆ. ಸಾಲು ಸಾಲಾಗಿ, ನೂರಾರು ಗೀರು. ಮೊದಲು ನೋಡಿದ ಅದೇ ಹಲಗೆ. ನಲವತ್ತು ವರ್ಷ ಒಂದು ಮನೆತನ, ಎಂದಾದರೂ ಓಡೀತೋ ಇಲ್ಲವೋ ಗೊತ್ತಿಲ್ಲದ ಎಂಜಿನ್ನನ್ನು ತಿಂಗಳಿಗೊಮ್ಮೆ ತಿರುಗಿಸಿ ಬದುಕಿಸಿಟ್ಟಿತ್ತು. ಅದರ ಕಾಲುಭಾಗವನ್ನು ನಾನು ಅರ್ಧ ಗಂಟೆಯಲ್ಲಿ ಒರೆಸಿ ಹಾಕಿಸಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ನಾನೇ ಆಗಿದ್ದೆ. ಪರೀಕ್ಷಕರು ಕೇಳಿದ ಪುರಾವೆಯೂ ಇದೇ ಆಗಿತ್ತು.

ಟೀಚರ್ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಎದ್ದು, ಮೂಡಲಗಿಯ ಬಸ್ಸಿಗೆ ಹೋದರು.

ಕಾಕಾ ಮೆಲ್ಲಗೆ ಅಂದ, "ಮೊಳಿ ತಗೊಂಡು ಹಂಗ ಗೀರ ಎಳದಬಿಡ್ತೀನಿ. ಸಾಲಿಗಿ ಹನ್ನೆರಡು. ಮ್ಯಾಲ ಸ್ವಲ್ಪ ಮಸಿ ಎಣ್ಣಿ ಒರಸಿದ್ರ ಮುಂಬೈದವ್ರಿಗೆ ಅಲ್ಲ, ಅವರಪ್ಪಗ ಸುದ್ದಾ ತಿಳಿಯೂದಿಲ್ಲ."

ಕಾಕಾನ ಕೈ ಅಂಥದ್ದೇ, ಅದು ನಿಜಕ್ಕೂ ತಿಳಿಯುತ್ತಿರಲಿಲ್ಲ. ಎರಡು ದಿನ ನಾನು ಅದಕ್ಕೆಂದೇ ಒಂದು ಮೊಳೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೂರನೆಯ ದಿನ ಬೆಳಿಗ್ಗೆ ಹಲಗೆಯನ್ನು ಅಂಗಳದ ಎಳೆಬಿಸಿಲಿಗೆ ಓರೆಯಾಗಿ ಹಿಡಿದೆ. ತಿಕ್ಕಿದ ಭಾಗದಲ್ಲಿ ಅಲ್ಲಲ್ಲಿ ನೆರಳಿನಂತೆ ಗೀರು ಕಂಡವು. ಉಗುರು ಆಡಿಸಿದೆ, ಸಿಕ್ಕವು. ಅಜ್ಜನ ಕೈ ಭಾರ. ಕೆಲವು ಗೀರುಗಳನ್ನು ಪಾಲಿಶ್ ಪೇಪರಿಗೂ ಬಿಟ್ಟುಕೊಡದಷ್ಟು ಒತ್ತಿ ಎಳೆದಿದ್ದರು. ತಿಕ್ಕಿದ ಹನ್ನೊಂದು ಸಾಲುಗಳಲ್ಲಿ ಮೂರು ಪೂರ್ತಿ ಹೋಗಿದ್ದವು, ಉಳಿದವು ಅರ್ಧಮರ್ಧ. ಅವುಗಳ ಪಕ್ಕದಲ್ಲಿ ಸುಳ್ಳು ಗೀರು ಎಳೆಯಲು ನನ್ನ ಕೈ ಏಳಲಿಲ್ಲ. ಮೊಳೆಯನ್ನು ಗುಜರಿ ಡಬ್ಬಿಗೆ ಎಸೆದು ಪರೀಕ್ಷಕರಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿ, ತಪ್ಪು ನನ್ನದು, ಬರೆದು ಸಹಿ ಮಾಡಿಕೊಡುತ್ತೇನೆ ಎಂದೆ. ಟೀಚರಿಗೂ ಅದನ್ನೇ ಹೇಳಿದೆ. "ಹಂಗ ಇರಲಿ," ಎಂದರು.

ಎರಡನೆಯ ಸಲ ಬಂದಾಗ ಪರೀಕ್ಷಕರು ಎಂಜಿನ್ನಿನ ಕಡೆ ಹೋಗಲೇ ಇಲ್ಲ. ಹಲಗೆಯ ಮುಂದೆ ಕೂತು ಕನ್ನಡಕ ಏರಿಸಿದರು. ಮೂರು ಕೈ ಬೇರೆ ಬೇರೆ ಎಂದು ಅವರೇ ಗುರುತಿಸಿದರು. ಅಜ್ಜನದು ಆಳ, ಅಪ್ಪನದು ಎಡಕ್ಕೆ ವಾಲಿದ್ದು, ಟೀಚರದು ಸಣ್ಣದು, ನೆಟ್ಟಗೆ. ಆಮೇಲೆ ಎಣಿಸತೊಡಗಿದರು. ಐದಾರು ಸಾಲು ಎಣಿಸಿ ನಿಲ್ಲಿಸಿದರು.

"ಕೆಲವ ಹನ್ನೆರಡು ಅದಾವ, ಕೆಲವ ಹದಿಮೂರು ಅದಾವಲ್ಲ ಬಾಯಾರ?"

"ಅಧಿಕ ಮಾಸ ಬಂದ ವರ್ಷ ಹದಿಮೂರು ಹುಣ್ಣಿವಿ ಬರ್ತಾವ್ರಿ," ಎಂದರು ಗಣಿತದ ಟೀಚರ್, ತರಗತಿಯಲ್ಲಿ ಹೇಳುವ ಹಾಗೆ.

ಪರೀಕ್ಷಕರು ಮೊಬೈಲ್ ತೆಗೆದು ಹಳೆಯ ಪಂಚಾಂಗಗಳನ್ನು ಹುಡುಕಿದರು. ಬಲಗಡೆಯ ತುದಿಯಿಂದ ಒಂದೊಂದೇ ಸಾಲು ಹಿಂದಕ್ಕೆ ಎಣಿಸುತ್ತ, ಒಂದೊಂದೇ ವರ್ಷ ನೋಡುತ್ತ ಬಂದರು. ಹದಿಮೂರು ಇದ್ದ ಸಾಲು ಅಧಿಕ ಮಾಸದ ವರ್ಷಕ್ಕೇ ಬೀಳುತ್ತಿತ್ತು. ಇನ್ನೊಂದು. ಮತ್ತೊಂದು. ಕಾಕಾ ನನ್ನ ಮುಖ ನೋಡಿದ. ಸಾಲಿಗೆ ಹನ್ನೆರಡರಂತೆ ಎಳೆದಿದ್ದರೆ ನಾವು ಅಲ್ಲೇ ಸಿಕ್ಕಿಬೀಳುತ್ತಿದ್ದೆವು.

ಅಪ್ಪನ ಓರೆ ಗೀರುಗಳ ಕೊನೆಯ ಸಾಲಿಗೆ ಬಂದಾಗ ಅವರ ಬೆರಳು ನಿಂತಿತು. "ಇಲ್ಲೊಂದ ಕಡಿಮಿ ಐತಿ. ಜಾಗಾ ಬಿಟ್ಟಾರ, ಗೀರ ಇಲ್ಲ."

"ಅವತ್ತ ಅಪ್ಪಾನ್ನ ದವಾಖಾನಿಗಿ ಸೇರಿಸಿದ್ವಿ," ಎಂದರು ಟೀಚರ್. "ಆಮ್ಯಾಲ ಮನಿಗಿ ಬರಲಿಲ್ಲ. ಮುಂದಿನ ಹುಣ್ಣಿವಿಯಿಂದ ನಂದು."

ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಇಪ್ಪತ್ತು ವರ್ಷ ಈ ಕೆಲಸ ಮಾಡಿದ್ದೇನೆ, ಎಂಥೆಂಥ ರಾಜಮನೆತನದ ಕಾಗದಪತ್ರ ನೋಡಿದ್ದೇನೆ, ಹೀಗೆ ಬರೆದಿಟ್ಟ ಇತಿಹಾಸ ನೋಡಿಲ್ಲ ಎಂದರು. ಆದರೆ ವ್ಯಾಪಾರದ ಮಾತನ್ನೂ ಮುಚ್ಚಿಡಲಿಲ್ಲ. ತಿಕ್ಕಿದ ಭಾಗದ ಸಂಗತಿ ಪುಸ್ತಕದಲ್ಲಿ ಹಾಕಲೇಬೇಕು, ಅದನ್ನು ಓದಿ ಕೆಲವರು ಹಿಂದೆ ಸರಿಯಬಹುದು, ಆದ್ದರಿಂದ ಕನಿಷ್ಠ ಬೆಲೆಯನ್ನು ಇಪ್ಪತ್ತೈದು ಲಕ್ಷಕ್ಕೆ ಇಳಿಸೋಣ, ಅದಕ್ಕೂ ಕಡಿಮೆ ಕೂಗಿದರೆ ಗಾಡಿ ವಾಪಸ್ ಎಂದರು. ಟೀಚರ್ ಒಪ್ಪಿದರು. ನಾನು ನನ್ನ ತಪ್ಪನ್ನು ಒಂದು ಪುಟ ಬರೆದು ಸಹಿ ಹಾಕಿದೆ. ಬದುಕಿನಲ್ಲಿ ಅಷ್ಟು ನಿಧಾನವಾಗಿ ನಾನು ಏನನ್ನೂ ಬರೆದಿಲ್ಲ.

ಎಂಜಿನ್ ಹಚ್ಚಿದ ದಿನ ಟೀಚರನ್ನು ಕರೆಸಿದೆ. ಎರಡು ಸಲ ಕೆಮ್ಮಿತು, ಮೂರನೆಯ ಸಲಕ್ಕೆ ಹಿಡಿಯಿತು. ಬಿಳಿ ಹೊಗೆ ಹೋಗಿ ದನಿ ಸಮವಾದ ಮೇಲೆ ಬಾನೆಟ್ ಮೇಲೆ ಒಂದು ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಲು ನೋಡಿದೆ. ಬಿತ್ತು, ಸುಳ್ಳೇಕೆ ಹೇಳಲಿ. ಆದರೆ ಆ ದನಿ! ಟೀಚರ್ ಬಾನೆಟ್ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದರು. ಆ ದನಿಯನ್ನು ಅವರು ಕೊನೆಯ ಸಲ ಕೇಳಿದ್ದು ಶಾಲೆಯ ಹುಡುಗಿಯಾಗಿದ್ದಾಗ.

ಹರಾಜಿಗೆ ನಾವಿಬ್ಬರೂ ಘಟಪ್ರಭಾ ಸ್ಟೇಶನ್ನಿನಿಂದ ರೈಲು ಹತ್ತಿದೆವು. ಮುಂಬೈಯ ಆ ಸಭಾಂಗಣದಲ್ಲಿ ನಮ್ಮ ಗಾಡಿಯ ಎಡಕ್ಕೊಂದು ಕೆಂಪು, ಬಲಕ್ಕೊಂದು ಬೆಳ್ಳಿ ಬಣ್ಣದ್ದು, ಎರಡೂ ಕನ್ನಡಿಯಂತೆ. ನಡುವೆ ನಮ್ಮದು ಮಾಸಿದ ಹಸಿರು. ನನಗೆ ತಲೆ ತಗ್ಗಿಸುವಂತಾಯಿತು. ಆದರೆ ಜನ ಕನ್ನಡಿಗಳನ್ನು ದಾಟಿ ಬಂದು ನಮ್ಮ ಗಾಡಿಯ ಸೀಟಿನ ಬೆನ್ನು ಬಾಗಿಸಿ ಒಬ್ಬರ ಹಿಂದೊಬ್ಬರು ಹಲಗೆ ನೋಡುತ್ತಿದ್ದರು. ಒಬ್ಬ ಮುದುಕರು ಹಲಗೆಗೆ ಕೈ ಸೋಕಿಸಬಹುದೇ ಎಂದು ಕೇಳಿದರು.

ಕೂಗು ಶುರುವಾಯಿತು. ಕೆಂಪು ಗಾಡಿ ಕನಿಷ್ಠ ಬೆಲೆ ಮುಟ್ಟದೆ ಹಿಂದಕ್ಕೆ ಹೋಯಿತು. ಎಂಜಿನ್ ಬೇರೆ ಗಾಡಿಯದಂತೆ. ಆಮೇಲೆ ನಮ್ಮದು. ಹರಾಜು ಕೂಗುವ ಹೆಂಗಸು ಮೊದಲು ಪುಸ್ತಕದ ಪುಟ ಓದಿದರು. ಅದರಲ್ಲಿ ಮೂರು ಕೈಗಳ ಸಂಗತಿಯಿತ್ತು, ನನ್ನ ತಪ್ಪೂ ಇತ್ತು. ಹದಿನೆಂಟಕ್ಕೆ ಶುರುವಾಗಿ ಇಪ್ಪತ್ನಾಲ್ಕಕ್ಕೆ ನಿಂತಿತು. ನಾನು ತಿಕ್ಕಿಸಿದ ಹಲಗೆ ಆ ಒಂದು ಲಕ್ಷವನ್ನು ತಿಂದುಹಾಕಿತು ಎಂದುಕೊಂಡೆ. ಆಗ ಗೋಡೆಯ ಪಕ್ಕ ಫೋನ್ ಹಿಡಿದು ನಿಂತಿದ್ದ ಒಬ್ಬರು ಕೈ ಎತ್ತಿದರು. ಇಪ್ಪತ್ತಾರು. ಹಲಗೆ ಮುಟ್ಟಿದ್ದ ಮುದುಕರು ನಂಬರಿನ ಫಲಕ ಎತ್ತಿದರು. ಇಪ್ಪತ್ತೆಂಟು. ಅಲ್ಲಿಂದ ಅವರಿಬ್ಬರದೇ. ಮೂವತ್ತು, ಮೂವತ್ತೈದು, ನಲವತ್ತು. ಮುದುಕರು ಒಮ್ಮೆ ಎತ್ತಿದ ಫಲಕವನ್ನು ಇಳಿಸಲೇ ಇಲ್ಲ. ನಲವತ್ತೇಳಕ್ಕೆ ಸುತ್ತಿಗೆ ಬಿತ್ತು. ಸಂಸ್ಥಾನದ ಸುಳ್ಳು ಹಾಕಿದ್ದರೂ ಅಷ್ಟು ಬರುತ್ತಿರಲಿಲ್ಲ. ಜನ ಚಪ್ಪಾಳೆ ಹೊಡೆದರು. ನಾನು ಅಳುತ್ತಿದ್ದೆ, ಅದು ಗೊತ್ತಾದದ್ದು ಪಕ್ಕದವರು ನೀರು ಕೊಟ್ಟಾಗ.

ಟೀಚರ್ ಮಾತ್ರ ಪುಸ್ತಕದ ಆ ಪುಟವನ್ನೇ ನೋಡುತ್ತ ಕೂತಿದ್ದರು.

"ನಲವತ್ತೇಳ್ರಿ ಟೀಚರ್! ಕೇಳಿಸ್ತಿಲ್ಲೋ?"

"ಇಲ್ರಿ. ಅವ್ರು ಅಜ್ಜನ ಹೆಸರ ಓದಿದ್ರಲ್ಲ, ಅದರ ಮುಂದ ಕೇಳಿಸಲಿಲ್ಲ." ಪುಟದ ಮೇಲೆ ಬೆರಳಿಟ್ಟು ತೋರಿಸಿದರು. "ಹೆಸರಿನ ಮುಂದ ಶ್ರೀ ಅಂತ ಹಾಕ್ಯಾರ ನೋಡ್ರಿ. ನಮ್ಮ ಅಜ್ಜಗ ಊರಾಗ ಯಾರೂ 'ರಿ' ಹಚ್ಚಿ ಮಾತಾಡ್ಸಿದ್ದ ನಾ ಕೇಳಿಲ್ಲ. ಏ ಡ್ರೈವರಾ, ಬಾರೋ ಅಂತಿದ್ರು. ಸಣ್ಣ ಸಣ್ಣ ಹುಡುಗರು ಸುದ್ದಾ."

ಎಂಟು ತಿಂಗಳು ನನ್ನ ಗ್ಯಾರೇಜಿನ ದಿನಚರಿಯಲ್ಲಿ ನಾನು ಆ ಗಾಡಿಯನ್ನು ಬರೆದುಕೊಂಡದ್ದು 'ಡ್ರೈವರನ ಗಾಡಿ' ಎಂದೇ. ಟೀಚರ್ ಪುಸ್ತಕ ಮುಚ್ಚಿ ಎದೆಗೆ ಹಿಡಿದುಕೊಂಡರು. ಕೆಲಸಗಾರರು ಗಾಡಿಯನ್ನು ಹೊರಗೆ ತಳ್ಳಿಕೊಂಡು ಹೋಗುತ್ತಿದ್ದರು. ಅದು ನಮ್ಮ ಸಾಲನ್ನು ದಾಟುವಾಗ ಟೀಚರ್ ಎದ್ದು ನಿಂತರು. ನಾನೂ ಎದ್ದು ನಿಂತು, ಅಜ್ಜನ ಪೂರ್ತಿ ಹೆಸರನ್ನು ಶ್ರೀ ಸೇರಿಸಿ, ಮೊದಲ ಸಲ ಬಾಯಿ ತೆರೆದು ಹೇಳಿದೆ.